ಕೊಲೆಸ್ಟ್ರಾಲ್ ಜಾಸ್ತಿ ಇದ್ದವರೇ ಹೆಚ್ಚು ವರ್ಷ ಬದುಕುತ್ತಾರಾ?

90 ದಾಟಿದ ಅಜ್ಜಿಗೆ ಕೊಲೆಸ್ಟ್ರಾಲ್ ಜಾಸ್ತಿ, ಆದರೂ ಗಟ್ಟಿಯಾಗಿದ್ದಾರೆ, ಅದನ್ನು ನೋಡಿ ಅಪ್ಪ ಮಾತ್ರೆ ಬಿಡುತ್ತೇನೆ ಅಂತಿದ್ದಾರೆ ಅಂತ ಬರೆದಿದ್ದೀರಿ. ದಯವಿಟ್ಟು ಡಾಕ್ಟರನ್ನು ಕೇಳದೆ ಬಿಡಲು ಬಿಡಬೇಡಿ.

ನಾನು ಶಿವಮೊಗ್ಗದಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದೇನೆ. ಸಾಗರ, ಹೊಸನಗರದ ಕಡೆಯಿಂದ ಬರುವವರೂ ರಿಪೋರ್ಟ್ ಕೈಗೆ ಸಿಕ್ಕ ಕೂಡಲೇ ಇದನ್ನೇ ಕೇಳುತ್ತಾರೆ. ತುಂಬಾ ವಯಸ್ಸಾದವರಲ್ಲಿ ಕೊಲೆಸ್ಟ್ರಾಲ್ ಕಡಿಮೆ ಇದ್ದವರೇ ಬೇಗ ಸಾಯುತ್ತಾರೆ ಅಂತ ಕೆಲವು ಅಧ್ಯಯನಗಳಲ್ಲಿ ಕಂಡಿದ್ದು ನಿಜ. ಆದರೆ ಕ್ಯಾನ್ಸರ್, ಲಿವರ್ ತೊಂದರೆ, ದೊಡ್ಡ ಸೋಂಕು, ಊಟ ಸೇರದೆ ಸೊರಗುವುದು, ಇವೆಲ್ಲ ಕೊಲೆಸ್ಟ್ರಾಲನ್ನು ತಾವೇ ಇಳಿಸುತ್ತವೆ. ಕಾಯಿಲೆ ಮೊದಲು, ಇಳಿದ ನಂಬರ್ ಆಮೇಲೆ. ಸಾವಿಗೆ ಕಾರಣ ಕಡಿಮೆ ಕೊಲೆಸ್ಟ್ರಾಲಾ, ಕಾಯಿಲೆಯಾ ಅಂತ ಬಿಡಿಸಿ ನೋಡುವುದಕ್ಕೇ ಜೀನ್ (ವಂಶವಾಹಿ) ನೋಡಬೇಕಾಗುವುದು, ಯಾಕೆಂದರೆ ಹುಟ್ಟುವಾಗಲೇ ಬಂದ ಜೀನನ್ನು 70ರಲ್ಲಿ ಬಂದ ಕಾಯಿಲೆ ಬದಲಾಯಿಸುವುದಿಲ್ಲ ಅಲ್ವಾ.

ಪಿಸಿಎಸ್‌ಕೆ9 ಅಂತ ಒಂದು ಜೀನ್ ಇದೆ. ಎಲ್‌ಡಿಎಲ್ ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಅದನ್ನು ಲಿವರ್ ರಕ್ತದಿಂದ ಎಳೆದುಕೊಳ್ಳುವುದನ್ನು ಈ ಜೀನ್ ತಗ್ಗಿಸುತ್ತದೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಬರುವ ಇದರ ಎರಡು ಪ್ರತಿಗಳಲ್ಲಿ ಕೆಲವರಿಗೆ ಒಂದು ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. 2006ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ ಅಂಥ ಕಪ್ಪು ಜನರಿಗೆ ಎಲ್‌ಡಿಎಲ್ ಶೇ. 28ರಷ್ಟು ಕಡಿಮೆ ಇತ್ತು, ಹೃದಯದ ರಕ್ತನಾಳದ ಕಾಯಿಲೆ ಶೇ. 88ರಷ್ಟು ಕಡಿಮೆ. ಇಳಿದಿದ್ದು ಸ್ವಲ್ಪವೇ, ಲಾಭ ಮಾತ್ರ ಅಷ್ಟು ದೊಡ್ಡದು, ಯಾಕೆಂದರೆ ಅದು ಹುಟ್ಟಿದ ದಿನದಿಂದ ಕಡಿಮೆ ಇತ್ತು. ಮಳೆ ಹಿಡಿಯುವ ಮೊದಲೇ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವುದಕ್ಕೂ ಕೊಳೆ ರೋಗ ಕಾಣಿಸಿದ ಮೇಲೆ ಹೊಡೆಯುವುದಕ್ಕೂ ಇರುವ ವ್ಯತ್ಯಾಸ ಇದು. ತಡವಾಗಿ ಹೊಡೆದರೂ ಉಪಯೋಗ ಇದೆ, ಅದಕ್ಕೇ ಅಪ್ಪನ ಮಾತ್ರೆ ಬೇಕು. ತೀರಾ ಕಡಿಮೆಯಾದರೆ ಅಪಾಯ ಅಂತ ಹೆದರುವವರಿಗೂ ಒಂದು ಮಾತು: ಈ ಜೀನಿನ ಎರಡೂ ಪ್ರತಿ ಕೆಲಸ ಮಾಡದ ಒಬ್ಬ ಹೆಂಗಸಿನ ಎಲ್‌ಡಿಎಲ್ ಬರೀ 14 ಇತ್ತು, ಆಕೆ ಆರೋಗ್ಯವಾಗಿದ್ದು ಮಕ್ಕಳನ್ನೂ ಹೆತ್ತಿದ್ದರು.

ಹಾಗಂತ ಜೀನ್ ಒಂದೇ ಆಯಸ್ಸು ಬರೆಯುವುದಿಲ್ಲ. ನೆದರ್ಲೆಂಡ್ಸ್‌ನ ಒಂದು ದೊಡ್ಡ ಕುಟುಂಬದಲ್ಲಿ ಎಲ್‌ಡಿಎಲ್ ತುಂಬಾ ಏರಿಸುವ ಜೀನ್ ತಲೆಮಾರುಗಳಿಂದ ಬಂದಿತ್ತು. ಎರಡು ಶತಮಾನದ ಸಾವಿನ ದಾಖಲೆ ನೋಡಿದಾಗ, 19ನೇ ಶತಮಾನದಲ್ಲಿ ಅದಿದ್ದವರು ಬೇರೆಯವರಿಗಿಂತ ಬೇಗ ಸಾಯುತ್ತಿರಲಿಲ್ಲ, 20ನೇ ಶತಮಾನದ ನಡುವೆ ಮಾತ್ರ ಸಾವು ಜಾಸ್ತಿಯಾಯಿತು. ಅದೇ ಜೀನ್, ಕಾಲ ಬೇರೆ. ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ. ಗದ್ದೆ ನೆಟ್ಟು, ಗುಡ್ಡ ಹತ್ತಿ, ಹೊರೆ ಹೊತ್ತು ಬೆಳೆದ ನಿಮ್ಮ ಅಜ್ಜಿಯ ಮೈಯನ್ನೂ ದಿನವಿಡೀ ಕುರ್ಚಿಯಲ್ಲಿ ಕೂರುವವರ ಮೈಯನ್ನೂ ಒಂದೇ ನಂಬರಿನಿಂದ ಹೋಲಿಸಲಾಗದು. ಅಜ್ಜಿಯ ಜೊತೆಯವರಲ್ಲಿ ಎಷ್ಟು ಜನ 60ಕ್ಕೇ ಎದೆ ಹಿಡಿದುಕೊಂಡು ಹೋದರು ಅಂತಲೂ ಕೇಳಿ ನೋಡಿ, ನಾವು ಉಳಿದವರನ್ನು ಮಾತ್ರ ನೋಡುತ್ತೇವೆ.

ಶತಾಯುಷಿಗಳಲ್ಲಿ ಎಪಿಒಇ ಅನ್ನುವ ಇನ್ನೊಂದು ಜೀನಿನ ಇ4 ಎಂಬ ರೂಪ ಕಡಿಮೆ ಸಿಗುತ್ತದೆ. ಅದು ಎಲ್‌ಡಿಎಲ್ ಏರಿಸುತ್ತದೆ, ಆದರೆ ಮರೆವಿನ ಕಾಯಿಲೆಯ ಅಪಾಯವನ್ನೂ ಹೆಚ್ಚಿಸುತ್ತದೆ, ಹಾಗಾಗಿ ಎಲ್ಲವನ್ನೂ ಕೊಲೆಸ್ಟ್ರಾಲಿನ ಲೆಕ್ಕಕ್ಕೆ ಬರೆಯಬಾರದು.

ಅಪ್ಪನ ಎಲ್‌ಡಿಎಲ್ ಮಾತ್ರೆ ಶುರುವಾಗುವ ಮೊದಲು 190 ಮೀರಿತ್ತಾ, ಮನೆಯಲ್ಲಿ ಯಾರಿಗಾದರೂ 50ರೊಳಗೆ ಹಾರ್ಟ್ ಅಟ್ಯಾಕ್ ಆಗಿತ್ತಾ? ಹೌದಾದರೆ ಇದು ವಂಶದಲ್ಲೇ ಇರಬಹುದು, ಆಗ ಒಬ್ಬೊಬ್ಬ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು. ನೀವೂ ಪರೀಕ್ಷೆ ಮಾಡಿಸಿ. ಡಾಕ್ಟರ ಹತ್ತಿರ ಹೋಗುವಾಗ ಅಪ್ಪನ ಹಳೇ ರಿಪೋರ್ಟ್ ಹುಡುಕಿ ತಗೊಂಡು ಹೋಗಿ, ಮಾತ್ರೆ ನುಂಗುತ್ತಿರುವಾಗಿನ ನಂಬರಿನಿಂದ ಇದು ಗೊತ್ತಾಗುವುದಿಲ್ಲ.