ಮನೆಯ ಹಾಲಿಗೆ ಒಂದು ಹಸುವೋ, ಎರಡು ಆಡುಗಳೋ?

ನಮಸ್ಕಾರ. ಎರಡು ಎಕರೆ ಮಳೆಯಾಶ್ರಿತ ಜಮೀನಿರುವ ತಮಗೆ ಮನೆಬಳಕೆಯ ಹಾಲಿಗಾಗಿ ಹಸುವಿನ ಬದಲು ಆಡು ಸಾಕಿದರೆ ಅನುಕೂಲವೇ ಎಂದು ಕೇಳಿದ್ದೀರಿ. ಡೇರಿಗೆ ಹಾಲು ಹಾಕುವ ಉದ್ದೇಶವಿಲ್ಲದಿದ್ದರೆ ಆಡೇ ಮೇಲು ಎಂಬುದು ನನ್ನ ಅಭಿಪ್ರಾಯ.

ಒಂದೇ ಹಸುವಿದ್ದರೆ ಅದು ಬತ್ತಿದ ತಿಂಗಳುಗಳಲ್ಲಿ ಮನೆಗೆ ಹಾಲಿರುವುದಿಲ್ಲ. ಆಡಿನ ಗರ್ಭಾವಧಿ ಸುಮಾರು 150 ದಿನಗಳಷ್ಟೇ ಆದ್ದರಿಂದ, ಎರಡು ಆಡುಗಳು ಬೇರೆ ಬೇರೆ ಕಾಲದಲ್ಲಿ ಈಯುವಂತೆ ನೋಡಿಕೊಂಡರೆ ವರ್ಷದ ಬಹುಪಾಲು ಒಂದಾದರೂ ಕರೆಯುತ್ತಿರುತ್ತದೆ. ಮೇವಿನಲ್ಲಂತೂ ವ್ಯತ್ಯಾಸ ಎದ್ದು ಕಾಣುತ್ತದೆ: ಹಸುವಿಗೆ ಹುಲ್ಲು ಕೊಂಡು ತರಬೇಕಾದ ಬೇಸಿಗೆಯಲ್ಲಿಯೂ ಆಡು ಬದುವಿನ ಅಗಸೆ, ಹಲಸು, ಗ್ಲಿರಿಸಿಡಿಯಾ ಸೊಪ್ಪನ್ನು ತಿಂದು ಸಾಗುತ್ತದೆ. ಅವಳಿ ಮರಿಗಳು ಸಾಮಾನ್ಯವಾದ್ದರಿಂದ ಗಂಡುಮರಿಗಳ ಮಾರಾಟದ ಹಣವೂ ಬರುತ್ತದೆ. ಹಿಕ್ಕೆಯ ಗೊಬ್ಬರದ ಬೆಲೆಯನ್ನು ರೈತರಿಗೆ ಹೇಳಬೇಕಾಗಿಲ್ಲ.

ಬೀದರ್, ಕಲಬುರಗಿ ಕಡೆ ಸಿಗುವ ಉಸ್ಮಾನಾಬಾದಿ ತಳಿ ಒಣಪ್ರದೇಶಕ್ಕೆ ಹೊಂದುತ್ತದೆ, ಆದರೆ ಜಮುನಾಪಾರಿಯಷ್ಟು ಹಾಲನ್ನು ನಿರೀಕ್ಷಿಸಬೇಡಿ. ಹಾಲಿಗೆ ವಾಸನೆ ಬರುತ್ತದೆ ಎಂದು ದೂರುವವರು ಹೆಚ್ಚಾಗಿ ಹೋತವನ್ನು ಕರೆಯುವ ಜಾಗದಲ್ಲಿಯೇ ಕಟ್ಟಿರುತ್ತಾರೆ, ಅದನ್ನು ದೂರವಿಡಿ. ಹಸುವಿನ ಹಾಲಿನ ಅಲರ್ಜಿಯಿರುವ ಮಗುವಿಗೆ ಮಾತ್ರ ಇದನ್ನು ಪರ್ಯಾಯವೆಂದು ಕೊಡಬೇಡಿ, ಏಕೆಂದರೆ ಎರಡರ ಪ್ರೋಟೀನುಗಳಲ್ಲಿ ಬಹಳ ಹೋಲಿಕೆಯಿದೆ. ಪಿಪಿಆರ್ (ಆಡು-ಕುರಿಗಳಿಗೆ ಬರುವ ಸಾಂಕ್ರಾಮಿಕ ವೈರಸ್ ರೋಗ) ಮತ್ತು ಕರುಳುಬೇನೆಯ ಲಸಿಕೆಗಳನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ತಪ್ಪದೆ ಹಾಕಿಸಿ.