ಹೊಸ್ತಿಲಲ್ಲಿ ಹುಲ್ಲು

ಪ್ರಶ್ನೆ: ಬಸವಣ್ಣನವರಿಗೆ ಈ ದೇಹವೇ ಮನೆ. ಪುರಂದರದಾಸರು ‘ಅಲ್ಲಿದೆ ನಮ್ಮನೆ’ ಎನ್ನುತ್ತಾರೆ. ಕುವೆಂಪು ‘ಮನೆಯನೆಂದೂ ಕಟ್ಟದಿರು’ ಎಂದರು. ನಿಮಗೆ ಹತ್ತಿರವಾದದ್ದು ಯಾವ ಮನೆ?
– ಓದುಗರೊಬ್ಬರು, ತಿಪಟೂರು

ಉತ್ತರ: ಬಸವಣ್ಣನವರದೇ. ‘ಹೊಸ್ತಿಲಲ್ಲಿ ಹುಲ್ಲು ಹುಟ್ಟಿ, ಮನೆಯೊಳಗೆ ರಜ ತುಂಬಿ’ ಎಂಬ ಸಾಲನ್ನು ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಅಜ್ಜಿ ತೀರಿಕೊಂಡು ಮೂರು ವರ್ಷದ ಮೇಲೆ, ಊರಮನೆಯ ಬೀಗ ತೆಗೆದ ದಿನ. ಅಜ್ಜಿ ದಿನಾ ಸಾರಿಸಿ ಅರಿಶಿನ ಹಚ್ಚುತ್ತಿದ್ದ ಹೊಸ್ತಿಲ ಸಂದಿಯಲ್ಲಿ ಗರಿಕೆ ಎದ್ದಿತ್ತು. ನಡುಮನೆಯಲ್ಲಿ ನನ್ನ ಹೆಜ್ಜೆ ಅಚ್ಚೊತ್ತುವಷ್ಟು ದೂಳು. ದಿನವೂ ಕಾಲು ದಾಟುವ ಹೊಸ್ತಿಲಲ್ಲಿ ಹುಲ್ಲು ಹುಟ್ಟುವುದಿಲ್ಲ ನೋಡಿ! ಒಡೆಯನಿಲ್ಲ ಎಂಬುದಕ್ಕೆ 12ನೇ ಶತಮಾನದ ಆ ಕವಿ ಕೊಟ್ಟ ಸಾಕ್ಷಿ ಅದು. ‘ರಜ’ ಎಂದರೆ ದೂಳು, ರಜೋಗುಣವೂ ಹೌದು. ಹಾಗಾಗಿಯೇ ಮುಂದಿನ ಸಾಲಿನಲ್ಲಿ ತನುವಿನ ಹುಸಿ, ಮನದ ವಿಷಯ ಅಷ್ಟು ಸಲೀಸಾಗಿ ಬರುತ್ತವೆ. ‘ಇದ್ದಾನೊ ಇಲ್ಲವೊ’ ಎಂದು ಎರಡು ಸಲ ಕೇಳಿ, ಕೊನೆಗೆ ‘ಇಲ್ಲಾ’ ಎನ್ನುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ದಾಸರದು ಈ ಲೋಕದಿಂದ ಹೊರಟು ನಿಂತವರ ಮಾತು. ಕುವೆಂಪು ಅವರು ಹೇಳಿದ್ದು ಚೇತನಕ್ಕೆ. ಅದು ಎಲ್ಲೂ ನಿಲ್ಲಬಾರದು, ಒಪ್ಪುತ್ತೇನೆ. ಆದರೆ ಅವತ್ತು ನಾನು ಮೊದಲು ಹುಡುಕಿದ್ದು ಪೊರಕೆಯನ್ನು.