ಸಾಲ್ಮನ್ ತಿನ್ನಬಹುದು, ಆದರೆ ಅದು ಏನು ತಿಂದಿತ್ತು?

ಸ್ಕಾಟ್ಲೆಂಡ್‌ನ ಅಬರ್ಡೀನ್‌ನಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ: "ಇಲ್ಲಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಸಾಕಣೆಯ ಸಾಲ್ಮನ್ ಮೀನು. ಆರು ವರ್ಷದ ಮಗಳಿಗೆ ಬಲು ಇಷ್ಟ. ಉಡುಪಿಯಿಂದ ಅಮ್ಮ ಒಂದು ವಿಡಿಯೊ ಕಳಿಸಿದ್ದಾರೆ. ಇದು ಜಗತ್ತಿನಲ್ಲೇ ಅತಿ ಹೆಚ್ಚು ವಿಷವಿರುವ ಆಹಾರವಂತೆ, ಬಣ್ಣ ಬೇರೆ ಹಾಕುತ್ತಾರಂತೆ. 'ಅದನ್ನ ಬಿಡು, ಮಗುವಿಗೆ ಬೂತಾಯಿ ಕೊಡು' ಅಂತ ಫೋನ್ ಮಾಡಿದಾಗೆಲ್ಲ ಹೇಳುತ್ತಾರೆ. ಯಾರನ್ನು ನಂಬಲಿ?"

ಸಂಪಾದಕರ ಉತ್ತರ:

ನಮಸ್ಕಾರ. ಬೂತಾಯಿ (ನಮ್ಮ ಕರಾವಳಿಯ ಸಣ್ಣ ಮೀನು) ವಿಷಯದಲ್ಲಿ ನಿಮ್ಮ ತಾಯಿಯವರನ್ನು ನಂಬಿ. ವಿಡಿಯೊವನ್ನು ನಂಬಬೇಡಿ. ಆದರೆ ಅದು ಪೂರ್ತಿ ಕಟ್ಟುಕತೆಯೂ ಅಲ್ಲ, ಹಳಸಿದ ಸುದ್ದಿ.

2004ರ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಜಗತ್ತಿನ ನಾನಾ ಕಡೆಯ ಸುಮಾರು 700 ಸಾಲ್ಮನ್ ಮೀನುಗಳನ್ನು ಪರೀಕ್ಷಿಸಿದ್ದರು. ಪಿಸಿಬಿ, ಡಯಾಕ್ಸಿನ್‌ನಂಥ ವಿಷಗಳು ಕಾಡು ಮೀನಿಗಿಂತ (ಅಂದರೆ ಯಾರೂ ಸಾಕದೆ ತಾನಾಗಿ ಬೆಳೆದ ಮೀನಿಗಿಂತ) ಸಾಕಿದ ಮೀನಿನಲ್ಲಿ ಜಾಸ್ತಿ ಇದ್ದವು. ಅತಿ ಹೆಚ್ಚು ಕಂಡದ್ದು ನಿಮ್ಮ ಸ್ಕಾಟ್ಲೆಂಡ್‌ನ ಮತ್ತು ಫೇರೋ ದ್ವೀಪಗಳ ಮೀನಿನಲ್ಲೇ. ಸಾಕಣೆ ಸಾಲ್ಮನ್ ಎಂದರೆ ವಿಷ ಎಂಬ ಮಾತಿಗೆ ದೊಡ್ಡ ಬಲ ಸಿಕ್ಕಿದ್ದು ಆಗ.

ಆ ವಿಷ ಬಂದದ್ದು ಎಲ್ಲಿಂದ? ಮೀನಿಗೆ ಹಾಕುವ ಆಹಾರದಿಂದ. ಪಿಸಿಬಿ ಹಳೆಯ ಕಾರ್ಖಾನೆಗಳ ರಾಸಾಯನಿಕ. ಹೆಚ್ಚಿನ ದೇಶಗಳು ಅದನ್ನು ಎಂದೋ ನಿಷೇಧಿಸಿವೆ, ಆದರೆ ಬೇಗ ಕೊಳೆಯುವ ವಸ್ತು ಅದಲ್ಲ. ಸಮುದ್ರ ಸೇರಿ, ಸಣ್ಣ ಮೀನುಗಳ ಕೊಬ್ಬಿನಲ್ಲಿ ಕೂತುಬಿಟ್ಟಿದೆ. ಅಂಥ ಮೀನುಗಳನ್ನು ರಾಶಿಗಟ್ಟಲೆ ಹಿಂಡಿ ಎಣ್ಣೆ ತೆಗೆದರೆ ಕೊಬ್ಬಿನ ಜೊತೆ ವಿಷವೂ ಒಟ್ಟಾಗಿ ಬರುತ್ತದೆ. ಆಗ ಸಾಲ್ಮನ್‌ಗೆ ಹಾಕುತ್ತಿದ್ದ ಉಂಡೆಯಲ್ಲಿ ಇದೇ ಎಣ್ಣೆ ಧಾರಾಳವಾಗಿತ್ತು.

ಆಮೇಲೆ ಆ ಉಂಡೆಯೇ ಬದಲಾಯಿತು. ಸಾಲ್ಮನ್ ಸಾಕಣೆಯಲ್ಲಿ ಮೊದಲ ಸ್ಥಾನದಲ್ಲಿರುವ ನಾರ್ವೆಯ ಲೆಕ್ಕ ನೋಡಿ. 1990ರಲ್ಲಿ ಅಲ್ಲಿನ ಸಾಲ್ಮನ್ ಆಹಾರದ ಶೇ. 90ರಷ್ಟು ಸಮುದ್ರದಿಂದ ಬರುತ್ತಿತ್ತು: ಮೀನಿನ ಹುಡಿ, ಮೀನಿನ ಎಣ್ಣೆ. 2013ರ ಹೊತ್ತಿಗೆ ಅದು ಶೇ. 30ರ ಆಸುಪಾಸಿಗೆ ಇಳಿಯಿತು. ಉಳಿದದ್ದು ಬ್ರೆಜಿಲ್‌ನ ಸೋಯಾ, ಸಾಸಿವೆ ಜಾತಿಯ ರೇಪ್‌ಸೀಡ್ ಎಣ್ಣೆ, ಗೋಧಿಯ ಗ್ಲುಟೆನ್. ಇದನ್ನು ಮಾಡಿದ್ದು ನಮ್ಮ ನಿಮ್ಮ ಆರೋಗ್ಯದ ಕಾಳಜಿಯಿಂದ ಅಂತ ತಿಳಿಯಬೇಡಿ. ಮೀನಿನ ಎಣ್ಣೆ ದುಬಾರಿಯಾಯಿತು, ಸಮುದ್ರದಲ್ಲಿ ಹಿಡಿಯುವುದಕ್ಕೆ ಅಷ್ಟೊಂದು ಸಣ್ಣ ಮೀನೂ ಇರಲಿಲ್ಲ.

ಫಲ ಮಾತ್ರ ಒಳ್ಳೆಯದೇ ಆಯಿತು. 2017ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದು ಅಟ್ಲಾಂಟಿಕ್ ಸಾಲ್ಮನ್‌ನಲ್ಲೇ ಕಾಡು ಮೀನನ್ನೂ ಸಾಕಿದ ಮೀನನ್ನೂ ಹೋಲಿಸಿತು. ಡಯಾಕ್ಸಿನ್, ಪಿಸಿಬಿ, ಪಾದರಸ ಜಾಸ್ತಿ ಇದ್ದದ್ದು ಕಾಡು ಮೀನಿನಲ್ಲಿ. ನಿಮ್ಮ ವಿಡಿಯೊ ಹೇಳುವುದಕ್ಕೆ ತೀರಾ ಉಲ್ಟಾ, ಅಲ್ವಾ?

ಇಲ್ಲಿಗೇ ನಿಲ್ಲಿಸಿದರೆ ಸಾಲ್ಮನ್ ಮಾರುವವರಿಗೆ ಖುಷಿ. ಆದರೆ ನೀವು ಮಗಳಿಗೆ ಆ ಮೀನು ಕೊಡುವುದು ಒಮೆಗಾ-3 ಸಿಗಲಿ ಅಂತ ತಾನೆ? ಇಪಿಎ, ಡಿಎಚ್‌ಎ ಎಂಬ ಆ ಕೊಬ್ಬುಗಳನ್ನು ಸಾಲ್ಮನ್ ತಾನಾಗಿ ಹೆಚ್ಚೇನೂ ತಯಾರಿಸುವುದಿಲ್ಲ. ಮೂಲದಲ್ಲಿ ತಯಾರಿಸುವುದು ಸಮುದ್ರದ ಸೂಕ್ಷ್ಮ ಪಾಚಿ. ಅದನ್ನು ತಿಂದ ಸಣ್ಣ ಜೀವಿಗಳಿಂದ ಸಣ್ಣ ಮೀನಿಗೆ, ಅಲ್ಲಿಂದ ಎಣ್ಣೆಯ ಮೂಲಕ ಸಾಲ್ಮನ್‌ಗೆ ಬರುತ್ತದೆ. ವಿಷ ಬಂದ ದಾರಿಯೂ ಅದೇ. ಎಣ್ಣೆ ಕಡಿಮೆ ಮಾಡಿದಾಗ ಎರಡೂ ಒಟ್ಟಿಗೆ ಇಳಿದವು. ಸ್ಕಾಟ್ಲೆಂಡ್‌ನ ಸ್ಟರ್ಲಿಂಗ್ ವಿಶ್ವವಿದ್ಯಾಲಯದವರು 2006ರಿಂದ 2015ರವರೆಗಿನ 3,000ಕ್ಕೂ ಹೆಚ್ಚು ಸಾಕಣೆ ಮೀನುಗಳ ಲೆಕ್ಕ ತೆಗೆದರು. ಇಪಿಎ, ಡಿಎಚ್‌ಎ ಸುಮಾರು ಅರ್ಧಕ್ಕೆ ಇಳಿದಿತ್ತು. ಮೊದಲು ವಾರಕ್ಕೆ ಒಂದು ತುಂಡು ಸಾಕಾಗುತ್ತಿದ್ದ ಕಡೆ ಈಗ ಎರಡು ಬೇಕು. ಹಾಗಿದ್ದರೂ ಕೋಳಿ, ಕುರಿ ಮಾಂಸಕ್ಕಿಂತ, ಬಹಳಷ್ಟು ಬೇರೆ ಮೀನುಗಳಿಗಿಂತ ಸಾಲ್ಮನ್‌ನಲ್ಲಿ ಅದು ಎಷ್ಟೋ ಮೇಲು. ಹಾಗಾಗಿ "ಸತ್ವವೇ ಇಲ್ಲ" ಅನ್ನುವುದೂ ತಪ್ಪು.

ಈಗ ಹೊಲದ ಕಡೆಗೆ ಬರೋಣ. ಸಮುದ್ರದ ವಿಷ ಕಡಿಮೆಯಾದಾಗ ಬೆಳೆಯ ವಿಷ ಬಾಗಿಲಿಗೆ ಬಂತು. ಅದರ ಹೆಸರು ಕೇಳಿದರೆ ಕರಾವಳಿಯವರಾದ ನೀವು ಬೆಚ್ಚಿಬೀಳುತ್ತೀರಿ: ಎಂಡೋಸಲ್ಫಾನ್ ಎಂಬ ಕೀಟನಾಶಕ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಲ್ಲಿ ಸಿಂಪಡಿಸಿದ್ದು ಇದನ್ನೇ. 2011ರ ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇದನ್ನು ತಡೆಯಿತು. ದಕ್ಷಿಣ ಅಮೆರಿಕದ ಸೋಯಾ ಹೊಲಗಳಲ್ಲೂ ಇದೇ ಔಷಧಿ ಬಳಸುತ್ತಿದ್ದರು. ಸಾಲ್ಮನ್ ಆಹಾರದಲ್ಲಿ ಸೋಯಾ ಹೆಚ್ಚಿದ ಮೇಲೆ ಐರೋಪ್ಯ ಒಕ್ಕೂಟ ಆ ಆಹಾರದಲ್ಲಿ ಎಂಡೋಸಲ್ಫಾನ್ ಎಷ್ಟಿರಬಹುದು ಎಂಬ ಮಿತಿಯನ್ನು ಕಿಲೋಗೆ 0.005 ಮಿಲಿಗ್ರಾಂನಿಂದ 0.05ಕ್ಕೆ, ಅಂದರೆ ಹತ್ತು ಪಟ್ಟು ಏರಿಸಿತು. ಹಳೆಯ ಮಿತಿ ಮೀನಿನ ಜೀವ ಕಾಪಾಡಲು ಇಟ್ಟದ್ದು, ಆಹಾರದ ಮೂಲಕ ಹೋದರೆ ಸಾಲ್ಮನ್ ಇನ್ನಷ್ಟು ತಡೆದುಕೊಳ್ಳುತ್ತದೆ ಎನ್ನುವುದು ವಿಜ್ಞಾನಿಗಳ ಸಮರ್ಥನೆ. ಲೆಕ್ಕ ಸರಿಯೇ ಇರಬಹುದು. ಆದರೂ ಜಗತ್ತು ಒಂದು ವಿಷವನ್ನು ಓಡಿಸಲು ಹೊರಟ ಹೊತ್ತಿನಲ್ಲೇ ಅದಕ್ಕೆ ಮಿತಿ ಸಡಿಲಿಸಿದ್ದು ನನಗಂತೂ ಸರಿಕಂಡಿಲ್ಲ. ಅಂತರರಾಷ್ಟ್ರೀಯ ನಿಷೇಧದ ಪಟ್ಟಿಗೆ ಎಂಡೋಸಲ್ಫಾನ್ ಸೇರಿದ್ದೂ 2011ರಲ್ಲೇ.

ಆಹಾರದಿಂದ ಒಂದು ವಸ್ತು ತೆಗೆದರೆ ಇನ್ನೆಲ್ಲಿ ಪೆಟ್ಟು ಬೀಳುತ್ತದೆ ಎನ್ನುವುದಕ್ಕೆ ಇನ್ನೊಂದು ಪ್ರಸಂಗವಿದೆ. ಹುಚ್ಚು ಹಸು ರೋಗದ ಭಯದಲ್ಲಿ ಮೀನಿನ ಆಹಾರದಿಂದ ದನ, ಹಂದಿಗಳ ರಕ್ತದ ಹುಡಿಯನ್ನು ಕೈಬಿಟ್ಟರು. ಸ್ವಲ್ಪ ಕಾಲದಲ್ಲೇ ಸಾಕಣೆ ಸಾಲ್ಮನ್‌ಗಳ ಕಣ್ಣಿಗೆ ಪೊರೆ ಬರತೊಡಗಿತು. ರಕ್ತದ ಹುಡಿಯಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಯಥೇಚ್ಛವಾಗಿತ್ತು, ಅದು ಕಡಿಮೆಯಾದದ್ದೇ ಕಾರಣ. ಈಗ ಅದನ್ನು ಬೇರೆಯಾಗಿ ಸೇರಿಸುತ್ತಾರೆ. ಸಾದಾ ಸೋಯಾ ಹಿಂಡಿ ಹಾಕಿದರೆ ಸಾಲ್ಮನ್ ಕರುಳು ಊದಿಕೊಳ್ಳುತ್ತದೆ, ಹಾಗಾಗಿ ಸಂಸ್ಕರಿಸಿದ ಸೋಯಾ ಪ್ರೋಟೀನ್ ಬಳಸುತ್ತಾರೆ. ಮಾಂಸ ತಿನ್ನುವ ಮೀನನ್ನು ಮುಕ್ಕಾಲು ಸಸ್ಯಾಹಾರಿ ಮಾಡುವುದು ಸುಲಭದ ಕೆಲಸವಲ್ಲ!

ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮೀನು ಕೊಯ್ದ ಮೇಲೆ ಬಣ್ಣ ಬಳಿಯುವುದಿಲ್ಲ. ಅಸ್ಟಾಕ್ಸಾಂತಿನ್ ಎಂಬ ವಸ್ತುವನ್ನು ಆಹಾರದಲ್ಲಿ ಸೇರಿಸುತ್ತಾರೆ. ಕಾಡು ಸಾಲ್ಮನ್‌ಗೆ ಅದೇ ವಸ್ತು ಸಣ್ಣ ಸಿಗಡಿಗಳಿಂದ ಸಿಗುತ್ತದೆ. ಕೆಂಪು ಎಷ್ಟಿರಬೇಕು ಅಂತ ನೋಡಲು ಪೇಂಟ್ ಅಂಗಡಿಯ ಕಾರ್ಡಿನಂಥ ಪಟ್ಟಿಯನ್ನೇ ಇಟ್ಟುಕೊಂಡಿರುತ್ತಾರೆ ಎಂಬುದು ನಿಜ. ನೋಡಲು ಇರುಸುಮುರುಸಾದರೂ ಹಾನಿ ಇಲ್ಲ. ನನಗೆ ಹೆಚ್ಚು ಚಿಂತೆಯಾಗಿದ್ದು ಎಥಾಕ್ಸಿಕ್ವಿನ್. ಮೀನಿನ ಹುಡಿ ಹಡಗಿನಲ್ಲಿ ತಾನಾಗಿ ಬಿಸಿಯೇರಿ ಬೆಂಕಿ ಹತ್ತದಂತೆ ಅದನ್ನು ಬೆರೆಸುತ್ತಿದ್ದರು. ಸುರಕ್ಷಿತ ಎಂದು ಹೇಳಲು ಸಾಕಷ್ಟು ಪುರಾವೆ ಇಲ್ಲ ಎಂದು 2015ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳಿತು, 2017ರಲ್ಲಿ ಅನುಮತಿ ಅಮಾನತಾಯಿತು. ಅಷ್ಟು ವರ್ಷ ಸುಮ್ನೆ ಬಳಸಿದ್ದರಲ್ಲ, ಅದು ಪ್ರಶ್ನೆ.

ಮಗಳಿಗೆ ಎಷ್ಟು ಕೊಡಬೇಕು? ಬ್ರಿಟನ್ನಿನ ಆರೋಗ್ಯ ಸೇವೆಯ ಸಲಹೆ ಹೀಗಿದೆ: ವಾರಕ್ಕೆ ಎರಡು ಸಲ ಮೀನು, ಅದರಲ್ಲಿ ಒಂದು ಸಲ ಸಾಲ್ಮನ್, ಸಾರ್ಡಿನ್‌ನಂಥ ಎಣ್ಣೆಯಂಶದ ಮೀನು. ಹುಡುಗಿಯರು, ಮುಂದೆ ಮಗು ಬೇಕೆನ್ನುವವರು, ಗರ್ಭಿಣಿಯರು, ಹಾಲೂಡಿಸುವವರು ಎಣ್ಣೆಯಂಶದ ಮೀನನ್ನು ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ತಿನ್ನಬಾರದು. ಪಿಸಿಬಿಯಂಥ ವಿಷಗಳು ವರ್ಷಗಟ್ಟಲೆ ಮೈಯಲ್ಲಿ ಉಳಿದು ಮುಂದೆ ಹುಟ್ಟುವ ಮಗುವಿಗೂ ತೊಂದರೆ ಮಾಡಬಹುದು, ಅದಕ್ಕೇ ಈ ಎಚ್ಚರ. ಹಾಗಾಗಿ ಮಗಳಿಗೆ ವಾರಕ್ಕೊಮ್ಮೆ, ಅವಳ ವಯಸ್ಸಿಗೆ ತಕ್ಕ ಸಣ್ಣ ತುಂಡು ಸಾಲ್ಮನ್ ಕೊಡಿ. ಎರಡನೇ ಸಲಕ್ಕೆ ಬೂತಾಯಿಯ ನೆಂಟ ಸಾರ್ಡಿನ್ ಅಲ್ಲೂ ಸಿಗುತ್ತದೆ, ಡಬ್ಬಿಯದಾದರೂ ನಡೆಯುತ್ತದೆ. ಬೆಲೆಯೂ ಕಡಿಮೆ, ಒಮೆಗಾ-3 ನೇರವಾಗಿ ಸಿಗುತ್ತದೆ. ಅಂದಹಾಗೆ, ನಮ್ಮ ಕರಾವಳಿಯ ಬೂತಾಯಿಯೂ ಲೋಡುಗಟ್ಟಲೆ ಮೀನಿನ ಹುಡಿ, ಎಣ್ಣೆಯ ಕಾರ್ಖಾನೆಗೆ ಹೋಗುತ್ತದೆ. ಊರಿನವರ ತಟ್ಟೆಗೆ ಬರಬೇಕಾದ ಮೀನು ಬೇರೆ ಮೀನಿನ, ಕೋಳಿಯ ಹೊಟ್ಟೆಗೆ ಹೋಗುವುದು ನಿಮ್ಮ ತಾಯಿಯವರಿಗೆ ಸಿಟ್ಟು ತರಿಸಿದರೆ ಆ ಸಿಟ್ಟು ನ್ಯಾಯವಾದದ್ದೇ.

ಸಾಲ್ಮನ್ ಕೊಳ್ಳುವಾಗ ಪಾಚಿ ಎಣ್ಣೆ ಹಾಕಿದ ಆಹಾರ ತಿಂದದ್ದು ಅಂತ ಲೇಬಲ್‌ನಲ್ಲಿದ್ದರೆ ಅದನ್ನೇ ತೆಗೆದುಕೊಳ್ಳಿ. ಸಣ್ಣ ಮೀನನ್ನು ಹಿಂಡದೆ, ಪಿಸಿಬಿಯ ಕಾಟವಿಲ್ಲದೆ ಒಮೆಗಾ-3 ಕೊಡುವ ದಾರಿ ಸದ್ಯಕ್ಕೆ ಅದು. ಮನೆಯಲ್ಲಿ ಯಾರಾದರೂ ಗರ್ಭಿಣಿ ಇದ್ದರೆ ಹೊಗೆ ಹಾಕಿದ ತಣ್ಣನೆಯ ಸಾಲ್ಮನ್ ಮಾತ್ರ ಹಾಗೇ ತಿನ್ನಲು ಕೊಡಬೇಡಿ. ಅದರಲ್ಲಿ ಲಿಸ್ಟೀರಿಯಾ ಬ್ಯಾಕ್ಟೀರಿಯಾ ಇರಬಹುದು, ಚೆನ್ನಾಗಿ ಬೇಯಿಸಿದರೆ ತೊಂದರೆಯಿಲ್ಲ.